ಬೇತಾಳನಿಗೆ ರೂಪ ಕೊಟ್ಟವರು

ಎಲ್ಲರಿಗೂ ನಮಸ್ಕಾರ ರೀ. ಹೆಗಲ ಮೇಲೆ ಹೆಣ, ಕೈಯಲ್ಲಿ ಬಿಚ್ಚುಗತ್ತಿ, ಸುತ್ತ ಸ್ಮಶಾನ. ಇಷ್ಟು ಹೇಳಿದರೆ ಸಾಕು, ಮಕ್ಕಳ ಮಾಸಪತ್ರಿಕೆ ಚಂದಮಾಮ ಓದಿ ಬೆಳೆದವರಿಗೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಹೆಣದೊಳಗಿನ ಬೇತಾಳ ಹೇಳಿದ ಕಥೆಗಳು ಎಷ್ಟೋ ಮರೆತಿವೆ, ಅದನ್ನು ಹೊತ್ತ ರಾಜ ತ್ರಿವಿಕ್ರಮನ ನಡಿಗೆ ಮಾತ್ರ ಮರೆತಿಲ್ಲ, ಅಲ್ವಾ?

ಆ ಚಿತ್ರ ತೆಗೆದವರು ಶಂಕರ್. ಪೂರ್ತಿ ಹೆಸರು ಕೆ.ಸಿ. ಶಿವಶಂಕರನ್. 1924ರಲ್ಲಿ ತಮಿಳುನಾಡಿನಲ್ಲಿ ಹುಟ್ಟಿದರು. ಮದ್ರಾಸಿನ ಕಲಾಶಾಲೆಯಲ್ಲಿ ಹೆಸರಾಂತ ಶಿಲ್ಪಿ ಡಿ.ಪಿ. ರಾಯ್ ಚೌಧರಿ ಅವರ ಕೈಕೆಳಗೆ ಕಲಿತರು. ಐವತ್ತರ ದಶಕದ ಶುರುವಿನಲ್ಲಿ ಚಂದಮಾಮ ಸೇರಿದವರು ದಶಕಗಟ್ಟಲೆ ಅಲ್ಲೇ ಕುಂಚ ಹಿಡಿದರು. ಮಹಾಭಾರತದ ಮುಖಪುಟಗಳಿಂದ ಹೆಸರಾದ ನಮ್ಮ ಮೈಸೂರು ಕಡೆಯ ಎಂ.ಟಿ.ವಿ. ಆಚಾರ್ಯ, ತೆಲುಗಿನ ವಡ್ಡಾದಿ ಪಾಪಯ್ಯ, ಇವರೆಲ್ಲ ಅದೇ ಪತ್ರಿಕೆಯ ಕಲಾವಿದರು.

ಈಗ ಆ ರಾಜನನ್ನು ಹತ್ತಿರದಿಂದ ನೋಡೋಣ. ಅವನು ಸುಮ್ನೆ ನಿಂತಿಲ್ಲ, ದಾಪುಗಾಲು ಹಾಕಿದ್ದಾನೆ. ಹೆಣ ಜೋತು ಬಿದ್ದಿದೆ, ಅದರ ಭಾರ ನಮಗೂ ತಿಳಿಯುತ್ತದೆ, ಆದರೂ ರಾಜ ಕುಗ್ಗಿಲ್ಲ. "ಛಲ ಬಿಡದ ತ್ರಿವಿಕ್ರಮ" ಅಂತ ಕಥೆ ಶುರುವಾಗುವ ಮೊದಲೇ ಆ ಛಲ ಅವನ ಮೈಕಟ್ಟಿನಲ್ಲಿ ಕಾಣುತ್ತದೆ. ಓದಲು ಬಾರದ ಮಗುವಿಗೂ ಕಥೆ ಅರ್ಧ ಗೊತ್ತಾಗಿಬಿಡುತ್ತದೆ. ಮಕ್ಕಳ ಪುಸ್ತಕದ ಚಿತ್ರ ಮಾಡಬೇಕಾದ ಕೆಲಸ ಇದೇ ಅನ್ನುತ್ತೇನೆ ನಾನು.

ಇನ್ನೊಂದು ವಿಷಯ, ಗೆರೆ. ಆಗಿನ ಲೈನ್ ಬ್ಲಾಕ್ ಮುದ್ರಣದಲ್ಲಿ ಮಸಿ ಹತ್ತಿದರೆ ಕಪ್ಪು, ಹತ್ತದಿದ್ದರೆ ಬಿಳಿ, ನಡುವಿನ ಬೂದು ಬಣ್ಣ ಬರುತ್ತಲೇ ಇರಲಿಲ್ಲ. ಹಾಗಾಗಿ ಮರದ ತೊಗಟೆ, ಸೀರೆಯ ನೆರಿಗೆ, ಗೋಡೆಯ ನೆರಳು ಎಲ್ಲವನ್ನೂ ಸಣ್ಣ ಸಣ್ಣ ಗೆರೆ ಎಳೆದೇ ತೋರಿಸಬೇಕಿತ್ತು. ಗೆರೆ ಒತ್ತೊತ್ತಾಗಿ ಬಂದರೆ ಕತ್ತಲೆ, ಬಿಡಿಬಿಡಿಯಾದರೆ ಬೆಳಕು. ಶಂಕರ್ ಇದರಲ್ಲಿ ಪಳಗಿದ ಕೈ. ಅವರ ಅರಮನೆಯ ಕಂಬಕ್ಕೆ ಕೆತ್ತನೆ ಇರುತ್ತದೆ, ಸಂತೆಯಲ್ಲಿ ದೂರ ನಿಂತವನಿಗೂ ಅವನದೇ ಮುಖ ಇರುತ್ತದೆ. ಮಕ್ಕಳಿಗೆ ಇಷ್ಟು ಸಾಕು ಅಂತ ಕೈ ಬಿಟ್ಟವರಲ್ಲ. ನನಗೆ ಅವರ ಮೇಲೆ ಗೌರವ ಜಾಸ್ತಿಯಾಗುವುದೇ ಇಲ್ಲಿ.

ಅವರು 2020ರಲ್ಲಿ ತೀರಿಕೊಂಡರು, 2021ರಲ್ಲಿ ಮರಣೋತ್ತರ ಪದ್ಮಶ್ರೀ ಬಂತು. ಇನ್ನೂ ಮೊದಲೇ ಬರಬೇಕಿತ್ತು.

ವಿಜಯಪುರದ ಮಕ್ಕಳಿಗೆ ಒಂದು ಮಾತು. ನಮ್ಮ ಬಾರಾ ಕಮಾನಿಗೆ ಇಳಿಹೊತ್ತಿನಲ್ಲಿ ಹೋಗಿ, ಕಲ್ಲಿನ ಮೇಲೆ ನೆರಳು ಚೆನ್ನಾಗಿ ಬಿದ್ದಿರುತ್ತದೆ. ಒಂದೇ ಒಂದು ಕಮಾನು ಆರಿಸಿಕೊಂಡು ಬರೀ ಕಪ್ಪು ಪೆನ್ನಿನಲ್ಲಿ, ಗೆರೆಗಳಲ್ಲೇ ಆ ನೆರಳನ್ನು ತೆಗೆಯಿರಿ. ಬಣ್ಣದ ಪೆಟ್ಟಿಗೆ ಅವತ್ತು ಮನೆಯಲ್ಲೇ ಇರಲಿ.