ಸುಡಾನ್: ಒಂದು ದೇಶ, ಎರಡು ಸೇನೆ

[ದೃಶ್ಯ: ಗಾಣದ ಬಳಿ ಕಡಲೆಕಾಯಿ ಹಿಂಡಿಯ ರಾಶಿ]

ನಿರೂಪಣೆ: ಎಣ್ಣೆ ತೆಗೆದ ಮೇಲೆ ಉಳಿಯುವ ಕಡಲೆಕಾಯಿ ಹಿಂಡಿಯನ್ನು ನಮ್ಮಲ್ಲಿ ಹಸುಗಳಿಗೆ ಹಾಕುತ್ತೇವೆ. ಸುಡಾನಿನ ಡಾರ್ಫರ್ ಪ್ರಾಂತ್ಯದ ಎಲ್ ಫಾಶರ್ ನಗರದಲ್ಲಿ, 2024ರ ಮೇ ತಿಂಗಳಿಂದ ಸುಮಾರು ಒಂದೂವರೆ ವರ್ಷ ನಡೆದ ಮುತ್ತಿಗೆಯ ಕಾಲದಲ್ಲಿ, ತಾಯಂದಿರು ಅದೇ ಹಿಂಡಿಯನ್ನು ನೆನೆಸಿ ಮಕ್ಕಳಿಗೆ ತಿನ್ನಿಸಿದರು. ಅಲ್ಲಿ ಅದಕ್ಕೆ ಅಂಬಾಜ್ ಎನ್ನುತ್ತಾರೆ.

[ದೃಶ್ಯ: ಸುಡಾನಿನ ನಕ್ಷೆ, ಡಾರ್ಫರ್, ಖಾರ್ತೂಮ್]

ಸುಡಾನಿನ ಈ ಅಂತರ್ಯುದ್ಧವನ್ನು ಬುಡಕಟ್ಟುಗಳ ಹಳೆಯ ಹಗೆ ಎಂದಷ್ಟೇ ಹೇಳಿ ಮುಗಿಸುವವರಿದ್ದಾರೆ. ಆ ಹಗೆಯ ಕೈಗೆ ಬಂದೂಕು ಕೊಟ್ಟವರು ಯಾರೆಂಬುದು ಆಗ ಮರೆಗೆ ಸರಿಯುತ್ತದೆ. 2003ರಲ್ಲಿ ಡಾರ್ಫರ್ ದಂಗೆಯೆದ್ದಾಗ ಒಮರ್ ಅಲ್ ಬಶೀರ್ ಸರ್ಕಾರವು ಅರಬ್ ಪಶುಪಾಲಕ ಕುಲಗಳ ಯುವಕರಿಗೆ ಶಸ್ತ್ರ ಹಂಚಿ ಜಂಜಾವೀದ್ ದಂಡನ್ನು ಛೂ ಬಿಟ್ಟಿತು. ಅದೇ ದಂಡು 2013ರಲ್ಲಿ ಆರ್‌ಎಸ್‌ಎಫ್ (ರಾಪಿಡ್ ಸಪೋರ್ಟ್ ಫೋರ್ಸಸ್) ಎಂಬ ಅರೆಸೇನಾಪಡೆಯ ಸಮವಸ್ತ್ರ ತೊಟ್ಟಿತು. ಹಿಂದೆ ಒಂಟೆ ವ್ಯಾಪಾರಿಯಾಗಿದ್ದ, ಹೆಮೆಡ್ತಿ ಎಂದೇ ಹೆಸರಾದ ಮೊಹಮ್ಮದ್ ಹಮ್ದಾನ್ ದಗಾಲೊ ಅದರ ನಾಯಕನಾದ. 2011ರಲ್ಲಿ ದಕ್ಷಿಣ ಸುಡಾನ್ ಬೇರೆಯಾಗಿ ತೈಲದ ಮುಕ್ಕಾಲು ಪಾಲು ಕೈತಪ್ಪಿದ್ದರಿಂದ ದೇಶ ಚಿನ್ನವನ್ನು ನೆಚ್ಚಿಕೊಂಡಿತ್ತು, ಮತ್ತು 2017ರಲ್ಲಿ ಡಾರ್ಫರಿನ ಜಬಲ್ ಆಮಿರ್ ಚಿನ್ನದ ಗಣಿಗಳು ಹೆಮೆಡ್ತಿಯ ವಶವಾದವು. ಸ್ವಂತ ಗಣಿಯಿಂದ ಸಂಬಳ ಕೊಡಬಲ್ಲ ಸೇನಾಪತಿ ಯಾರ ಮಾತನ್ನು ತಾನೇ ಕೇಳಿಯಾನು?

2019ರಲ್ಲಿ ಜನಾಂದೋಲನಕ್ಕೆ ಬಶೀರ್ ಉರುಳಿದರೂ, 2021ರ ಅಕ್ಟೋಬರಿನಲ್ಲಿ ಸೇನಾ ಮುಖ್ಯಸ್ಥ ಅಬ್ದುಲ್ ಫತ್ತಾಹ್ ಅಲ್ ಬುರ್ಹಾನ್ ಮತ್ತು ಹೆಮೆಡ್ತಿ ಜೊತೆಗೂಡಿಯೇ ಅಧಿಕಾರ ಕಸಿದುಕೊಂಡರು. ಜಗಳ ಹುಟ್ಟಿದ್ದು ಆರ್‌ಎಸ್‌ಎಫ್ ಅನ್ನು ಸೇನೆಯಲ್ಲಿ ವಿಲೀನಗೊಳಿಸುವ ಮಾತು ಬಂದಾಗ: ಸೇನೆ ಎರಡು ವರ್ಷ ಎಂದಿತು, ಹೆಮೆಡ್ತಿ ಹತ್ತು ವರ್ಷ ಎಂದ. 2023ರ ಏಪ್ರಿಲ್ 15ರಂದು ರಾಜಧಾನಿ ಖಾರ್ತೂಮಿನಲ್ಲಿ ಗುಂಡು ಹಾರಿತು.

[ದೃಶ್ಯ: ಪೋರ್ಟ್ ಸುಡಾನ್ ಬಂದರು]

ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನರೂ ಆಗ ಅಲ್ಲಿ ಸಿಲುಕಿದ್ದರು. ಆಪರೇಷನ್ ಕಾವೇರಿ ಅವರೂ ಸೇರಿದಂತೆ 3,800ಕ್ಕೂ ಹೆಚ್ಚು ಭಾರತೀಯರನ್ನು ಕರೆತಂದಿತು. ಹೆಚ್ಚಿನ ಸುಡಾನಿಗಳನ್ನು ಕರೆದೊಯ್ಯಲು ಯಾವ ಹಡಗೂ ಬರಲಿಲ್ಲ. ಮನೆ ಬಿಟ್ಟವರ ಸಂಖ್ಯೆ 1.2 ಕೋಟಿ ದಾಟಿತು. ಪಶ್ಚಿಮ ಡಾರ್ಫರಿನ ಎಲ್ ಜೆನೀನಾ ಪಟ್ಟಣದಲ್ಲಿ ಆರ್‌ಎಸ್‌ಎಫ್ ಮತ್ತು ಅದರ ಜೊತೆಗಿದ್ದ ಅರಬ್ ಪಡೆಗಳು ಅರಬ್ಬೇತರ ಸಮುದಾಯವಾದ ಮಸಾಲಿತ್ ಜನರನ್ನು ಹುಡುಕಿ ಹುಡುಕಿ ಕೊಂದವು. 2024ರ ಆಗಸ್ಟಿನಲ್ಲಿ ಎಲ್ ಫಾಶರ್ ಬಳಿಯ ಜಮ್‌ಜಮ್ ನಿರಾಶ್ರಿತರ ಶಿಬಿರದಲ್ಲಿ ಬರಗಾಲ ಘೋಷಣೆಯಾಯಿತು.

[ದೃಶ್ಯ: ಎಲ್ ಫಾಶರ್ ಸುತ್ತ ಎಬ್ಬಿಸಿದ ಮಣ್ಣಿನ ಒಡ್ಡು, ಉಪಗ್ರಹ ಚಿತ್ರ]

2025ರ ಅಕ್ಟೋಬರ್ ಕೊನೆಯಲ್ಲಿ ಎಲ್ ಫಾಶರ್ ಆರ್‌ಎಸ್‌ಎಫ್ ಕೈಸೇರಿತು. ಅಲ್ಲಿನ ಹೆರಿಗೆ ಆಸ್ಪತ್ರೆಯೊಂದರಲ್ಲೇ ರೋಗಿಗಳೂ ಅವರ ಜೊತೆಗಿದ್ದವರೂ ಸೇರಿ 460ಕ್ಕೂ ಹೆಚ್ಚು ಮಂದಿ ಹತರಾದರೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿತು. ಮುತ್ತಿಗೆ ಹಾಕಿದವರು ಊರ ಸುತ್ತ ಎಬ್ಬಿಸಿದ್ದ ಮಣ್ಣಿನ ಒಡ್ಡು ದಾಟಿ ಉಳಿದವರು ಪಶ್ಚಿಮದ ತವೀಲಾಕ್ಕೆ ನಡೆದರು. ಅಲ್ಲಿ ದಾದಿಯರು ಬಂದ ಮಕ್ಕಳ ತೋಳಿಗೆ ಬಣ್ಣದ ಪಟ್ಟಿ ಸುತ್ತಿ ಅಳೆಯುತ್ತಿದ್ದರು, ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಪಟ್ಟಿ ಕೆಂಪು ತೋರುತ್ತದೆ, ಅಂದರೆ ತೀವ್ರ ಅಪೌಷ್ಟಿಕತೆ.