ಹುಡುಗನ ವಯಸ್ಸೆಷ್ಟು? ಹೇಗ್‌ನ ಮೊದಲ ಮೊಕದ್ದಮೆ

ಕೇಳುಗರಿಗೆ ನಮಸ್ಕಾರ.

ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿ ಎರಡು ದೊಡ್ಡ ನ್ಯಾಯಾಲಯಗಳಿವೆ. ಸುದ್ದಿಯಲ್ಲಿ ಇವೆರಡೂ ಆಗಾಗ ಕಲಸಿಹೋಗುತ್ತವೆ. ಒಂದು, ದೇಶದೇಶಗಳ ನಡುವಿನ ವ್ಯಾಜ್ಯ ಕೇಳುವ ಅಂತರರಾಷ್ಟ್ರೀಯ ನ್ಯಾಯಾಲಯ. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ 1952ರಲ್ಲಿ ನ್ಯಾಯಾಧೀಶರಾಗಿ ಹೋದದ್ದು ಅಲ್ಲಿಗೆ. ಕುಲಭೂಷಣ್ ಜಾಧವ್ ವಿಚಾರದಲ್ಲಿ 2019ರ ತೀರ್ಪು ಬಂದದ್ದೂ ಅಲ್ಲಿಂದಲೇ. ಇನ್ನೊಂದು, ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ. ಅದರ ಕಟಕಟೆಯಲ್ಲಿ ನಿಲ್ಲುವುದು ವ್ಯಕ್ತಿ. ಇವತ್ತಿನ ಮಾತು ಇದರ ಬಗ್ಗೆ, ಅದರಲ್ಲೂ ಇದು ನಡೆಸಿದ ಮೊಟ್ಟಮೊದಲ ಮೊಕದ್ದಮೆಯ ಬಗ್ಗೆ.

ಹಿನ್ನೆಲೆಯನ್ನು ಬೇಗ ಮುಗಿಸುತ್ತೇನೆ. ಎರಡನೇ ಮಹಾಯುದ್ಧದ ನಂತರ ನ್ಯೂರೆಂಬರ್ಗ್ ಮತ್ತು ಟೋಕಿಯೊಗಳಲ್ಲಿ ಗೆದ್ದವರು ಸೋತವರ ವಿಚಾರಣೆ ನಡೆಸಿದರು. ಟೋಕಿಯೊದ 11 ನ್ಯಾಯಾಧೀಶರಲ್ಲಿ ಎಲ್ಲ ಆರೋಪಿಗಳನ್ನೂ ಬಿಡಬೇಕೆಂದು ಬರೆದವರು ನಮ್ಮ ರಾಧಾಬಿನೋದ್ ಪಾಲ್. ಆಮೇಲೆ 1993ರಲ್ಲಿ ಯುಗೊಸ್ಲಾವಿಯಕ್ಕೆ, 1994ರಲ್ಲಿ ರುವಾಂಡಕ್ಕೆ ಒಂದೊಂದು ತಾತ್ಕಾಲಿಕ ನ್ಯಾಯಮಂಡಳಿ ಬಂತು. ಕಾಯಂ ನ್ಯಾಯಾಲಯಕ್ಕೆ ಒಪ್ಪಂದವಾದದ್ದು 1998ರ ಜುಲೈ 17ರಂದು, ರೋಮ್‌ನಲ್ಲಿ: 120 ದೇಶ ಪರ, 7 ವಿರುದ್ಧ, 21 ತಟಸ್ಥ. ಭಾರತ ತಟಸ್ಥವಾಗಿತ್ತು, ಆಮೇಲೂ ಸೇರಲಿಲ್ಲ. ಒಪ್ಪಂದ ಜಾರಿಗೆ ಬಂದದ್ದು 2002ರ ಜುಲೈ 1ಕ್ಕೆ. ಅದಕ್ಕೂ ಹಿಂದಿನ ಅಪರಾಧವನ್ನು ಈ ನ್ಯಾಯಾಲಯ ಮುಟ್ಟುವಂತಿಲ್ಲ. ಇದಕ್ಕೆ ಸ್ವಂತ ಪೊಲೀಸರೂ ಇಲ್ಲ. ವಾರಂಟ್ ಹೊರಡಿಸಬಹುದು, ಹಿಡಿದುಕೊಡಬೇಕಾದವರು ಬೇರೆಯವರು.

ಮೊದಲ ಆರೋಪಿಯ ಮಟ್ಟಿಗೆ ಆ ಕಷ್ಟ ಬರಲಿಲ್ಲ. ಥಾಮಸ್ ಲುಬಂಗ ಕಾಂಗೋ ದೇಶದ ಇಟೂರಿ ಪ್ರಾಂತ್ಯದ ಸಶಸ್ತ್ರ ಗುಂಪೊಂದರ ನಾಯಕ. ಕಾಂಗೋ ಸರ್ಕಾರ ತಾನೇ 2004ರಲ್ಲಿ ಪ್ರಕರಣವನ್ನು ಹೇಗ್‌ಗೆ ಒಪ್ಪಿಸಿತ್ತು, ಈತ 2005ರಿಂದ ರಾಜಧಾನಿ ಕಿನ್ಶಾಸಾದಲ್ಲಿ ಬಂಧನದಲ್ಲಿದ್ದ. 2006ರ ಮಾರ್ಚ್‌ನಲ್ಲಿ ಹೇಗ್‌ಗೆ ಕರೆತಂದರು. ಇಟೂರಿಯಲ್ಲಿ ನಡೆದ ಕೊಲೆ, ಅತ್ಯಾಚಾರಗಳು ಲೆಕ್ಕವಿಲ್ಲದಷ್ಟು. ಆರೋಪಪಟ್ಟಿಯಲ್ಲಿ ಇದ್ದದ್ದು ಮಾತ್ರ ಒಂದೇ ವಿಷಯ: 15 ವರ್ಷ ತುಂಬದ ಮಕ್ಕಳನ್ನು ಬಲವಂತವಾಗಿ ಪಡೆಗೆ ಎಳೆದದ್ದು, ತಾವಾಗಿ ಬಂದವರನ್ನು ಸೇರಿಸಿಕೊಂಡದ್ದು, ಕಾಳಗದಲ್ಲಿ ಬಳಸಿದ್ದು. ಮಗು ಒಪ್ಪಿಯೇ ಬಂತು ಎಂಬ ವಾದಕ್ಕೆ ಇಲ್ಲಿ ಬೆಲೆಯಿಲ್ಲ. ಆರೋಪವನ್ನು ಇಷ್ಟು ಕಿರಿದು ಮಾಡಿದ್ದು ತಪ್ಪೆಂದೇ ನನಗನಿಸುತ್ತದೆ. ಅಭಿಯೋಜಕರು ಲೈಂಗಿಕ ದೌರ್ಜನ್ಯದ ಆರೋಪ ಹೊರಿಸಲಿಲ್ಲ, ಕೊನೆಗೆ ಅದಕ್ಕೆ ಶಿಕ್ಷೆಯೂ ಇಲ್ಲವಾಯಿತು.

ಕಿರಿದಾದ ಆರೋಪವೇ ಎರಡು ಸಲ ಮುಗ್ಗರಿಸಿತು. ಯುದ್ಧ ನಿಲ್ಲದ ಊರಲ್ಲಿ ತನಿಖೆ ಮಾಡುವಾಗ ವಿಶ್ವಸಂಸ್ಥೆ ಮತ್ತು ಸೇವಾ ಸಂಸ್ಥೆಗಳು ಗುಟ್ಟಿನಲ್ಲಿ ಕಾಗದಪತ್ರ ಕೊಡುತ್ತವೆ, ಕೊಟ್ಟವರ ಒಪ್ಪಿಗೆ ಇಲ್ಲದೆ ಯಾರಿಗೂ ತೋರಿಸಬಾರದು. ರೋಮ್ ಒಪ್ಪಂದದ 54ನೇ ವಿಧಿ ಇದಕ್ಕೆ ಅವಕಾಶ ಕೊಡುತ್ತದೆ, ಆದರೆ ಆ ಕಾಗದ ಹೊಸ ಸಾಕ್ಷ್ಯದ ಸುಳಿವಿಗಾಗಿ ಮಾತ್ರ. ಅದೇ ಒಪ್ಪಂದದ 67ನೇ ವಿಧಿ ಇನ್ನೊಂದು ಮಾತು ಹೇಳುತ್ತದೆ: ಆರೋಪಿಗೆ ಅನುಕೂಲವಾಗುವ ಯಾವುದೇ ಸಾಕ್ಷ್ಯ ಕೈಗೆ ಸಿಕ್ಕರೆ ಅವನ ವಕೀಲರಿಗೆ ಕೊಡಲೇಬೇಕು. ಅಭಿಯೋಜಕರು ಸುಳಿವಿಗೆಂದು ಇದ್ದ ದಾರಿಯಲ್ಲಿ ಕಟ್ಟುಗಟ್ಟಲೆ ಕಾಗದ ಪಡೆದಿದ್ದರು. ಆರೋಪಿಗೆ ನೆರವಾಗಬಹುದಾದ 200ಕ್ಕೂ ಹೆಚ್ಚು ದಾಖಲೆಗಳು ಹೀಗೆ ಬೀಗದೊಳಗೆ ಉಳಿದವು, ನ್ಯಾಯಾಧೀಶರಿಗೂ ತೋರಿಸುವಂತಿರಲಿಲ್ಲ. 2008ರ ಜೂನ್ 13ರಂದು, ವಿಚಾರಣೆ ಶುರುವಾಗುವ ಮೊದಲೇ, ನ್ಯಾಯಾಧೀಶರು ಅದಕ್ಕೆ ತಡೆ ಹಾಕಿದರು. ಕೊಟ್ಟವರು ಪಟ್ಟು ಸಡಿಲಿಸಿ, ನ್ಯಾಯಾಧೀಶರು ಕಾಗದ ನೋಡುವಂತಾದ ಮೇಲೆ ನವೆಂಬರ್‌ನಲ್ಲಿ ತಡೆ ತೆರವಾಯಿತು.

2009ರ ಜನವರಿ 26ರಂದು ವಿಚಾರಣೆ ಆರಂಭ. ಮೊದಲ ಸಾಕ್ಷಿ ಒಬ್ಬ ಹುಡುಗ. ಶಾಲೆಯಿಂದ ಬರುವಾಗ ತನ್ನನ್ನು ಹಿಡಿದೊಯ್ದರೆಂದು ಮೊದಲು ಹೇಳಿದ, ಅದೇ ದಿನ ಮಾತು ಹಿಂತೆಗೆದುಕೊಂಡ: ಸೇವಾ ಸಂಸ್ಥೆಯವರು ಹೇಳಿಕೊಟ್ಟದ್ದನ್ನು ಹೇಳಿದೆ ಎಂದ. ಸುಮಾರು ಎರಡು ವಾರದ ಮೇಲೆ ಮತ್ತೆ ಬಂದು ಮೊದಲ ಹೇಳಿಕೆಗೇ ಮರಳಿದ. ಇಲ್ಲಿಂದ ಕೆದಕಿದಂತೆ ಸಮಸ್ಯೆಯ ಬೇರು ಕಾಣಿಸತೊಡಗಿತು. ಹೇಗ್‌ನ ತನಿಖಾಧಿಕಾರಿಗಳು ಇಟೂರಿಯಲ್ಲಿ ಹೆಚ್ಚು ದಿನ ನಿಲ್ಲಲಾಗದೆ, ಸಾಕ್ಷಿಗಳನ್ನು ಹುಡುಕಿಕೊಡುವ ಕೆಲಸವನ್ನು ಸ್ಥಳೀಯ ಮಧ್ಯವರ್ತಿಗಳಿಗೆ ಬಿಟ್ಟಿದ್ದರು. ಅವರಲ್ಲಿ ಕೆಲವರು ಸಾಕ್ಷಿಗಳಿಗೆ ಕತೆ ಹೇಳಿಕೊಟ್ಟರೆಂಬ ಗುಮಾನಿ ಎದ್ದಿತು. 143 ಎಂಬ ಸಂಖ್ಯೆಯಿಂದ ಕರೆಯುತ್ತಿದ್ದ ಮಧ್ಯವರ್ತಿ ಯಾರೆಂದು ಪ್ರತಿವಾದಿ ವಕೀಲರಿಗೆ ತಿಳಿಸಿ ಎಂಬ ಆದೇಶವನ್ನು ಅಭಿಯೋಜಕರು ಪಾಲಿಸಲಿಲ್ಲ. 2010ರ ಜುಲೈ 8ರಂದು ಎರಡನೇ ತಡೆ. ಮೊದಲು ದಂಡದಂಥ ಕ್ರಮ ನೋಡಬೇಕಿತ್ತು ಎಂದು ಮೇಲ್ಮನವಿ ಪೀಠ ಅಕ್ಟೋಬರ್‌ನಲ್ಲಿ ಅದನ್ನು ರದ್ದು ಮಾಡಿತು.

ಇನ್ನು ವಯಸ್ಸಿನ ಪ್ರಶ್ನೆ. ಜನನ ನೋಂದಣಿ ಸರಿಯಾಗಿಲ್ಲದ ನಾಡಿನಲ್ಲಿ, ವರ್ಷಗಳ ಹಿಂದೆ ಒಬ್ಬನಿಗೆ 14 ಆಗಿತ್ತೋ 16 ಆಗಿತ್ತೋ ಎಂದು ಸಾಬೀತು ಮಾಡುವುದು ಹೇಗೆ? ಮಣಿಕಟ್ಟಿನ ಮೂಳೆ, ಹಲ್ಲುಗಳ ಎಕ್ಸ್‌ರೇ ತೆಗೆಸಿದರು. ಆದರೆ ಹೋಲಿಸುವ ಅಳತೆಪಟ್ಟಿ ಯುರೋಪ್, ಅಮೆರಿಕದ ಮಕ್ಕಳದ್ದು, ಆದ್ದರಿಂದ ನ್ಯಾಯಾಧೀಶರು ಅದನ್ನು ಎಚ್ಚರಿಕೆಯಿಂದಲೇ ನೋಡಿದರು. 2012ರ ಮಾರ್ಚ್ 14ರ ತೀರ್ಪಿನಲ್ಲಿ, ಮಧ್ಯವರ್ತಿಗಳಿಗೆ ತನಿಖೆ ಒಪ್ಪಿಸಿದ್ದು ತಪ್ಪೆಂದು ಹೇಳಿ, ಮಕ್ಕಳೆಂದು ಕರೆತಂದ ಸಾಕ್ಷಿಗಳ ಬಹುಪಾಲು ಹೇಳಿಕೆಯನ್ನು ಬದಿಗಿಟ್ಟರು. ಮೊಕದ್ದಮೆ ನಿಂತದ್ದು ಉಳಿದ ಸಾಕ್ಷಿಗಳ ಮೇಲೆ, ವಿಡಿಯೊ ದೃಶ್ಯಗಳ ಮೇಲೆ. 2003ರ ಫೆಬ್ರುವರಿ 12ರಂದು ರ್ವಾಂಪಾರ ಶಿಬಿರದಲ್ಲಿ ಲುಬಂಗ ಭಾಷಣ ಮಾಡುತ್ತಿದ್ದಾನೆ, ಎದುರಿಗಿರುವ ಕೆಲವರು ಎಷ್ಟು ಚಿಕ್ಕವರೆಂದರೆ 15 ತುಂಬಿಲ್ಲವೆನ್ನಲು ಎಕ್ಸ್‌ರೇ ಬೇಡ. ಆ ಚಿತ್ರವೇ ಇಲ್ಲದಿದ್ದರೆ ಮೊಕದ್ದಮೆಯ ಗತಿ ಏನಾಗುತ್ತಿತ್ತೋ!

ಶಿಕ್ಷೆ 14 ವರ್ಷ, ವಿಚಾರಣಾಧೀನನಾಗಿ ಕಳೆದ ಅವಧಿ ಅದರಲ್ಲೇ ವಜಾ. 2020ರ ಮಾರ್ಚ್‌ನಲ್ಲಿ ಆತ ಹೊರಬಂದ.

ಪರಿಹಾರದ ಆದೇಶ ಬಂದದ್ದು 2017ರ ಡಿಸೆಂಬರ್ 15ರಂದು: ಒಂದು ಕೋಟಿ ಡಾಲರ್. ಇಲ್ಲಿ ಸಾಬೀತಿನ ಮಟ್ಟ ಕೆಳಗಿದೆ, ಸಂಶಯಾತೀತ ಆಗಬೇಕಿಲ್ಲ, ಹೌದೆನ್ನುವ ಸಾಧ್ಯತೆ ಹೆಚ್ಚಿದ್ದರೆ ಸಾಕು. ಹಾಗೆ ಒಪ್ಪಿದ ಸಂತ್ರಸ್ತರು 425 ಮಂದಿ. ಅವರ ಲೆಕ್ಕಕ್ಕೆ 34 ಲಕ್ಷ ಡಾಲರ್. ಉಳಿದ 66 ಲಕ್ಷ, ಆಗ ಇನ್ನೂ ಗುರುತಾಗದಿದ್ದ ನೂರಾರು, ಪ್ರಾಯಶಃ ಸಾವಿರಾರು ಜನರಿಗೆ. ಲುಬಂಗನ ಬಳಿ ಹಣವಿರಲಿಲ್ಲ. ಆದ್ದರಿಂದ ರೋಮ್ ಒಪ್ಪಂದದಡಿ ಇರುವ ಸಂತ್ರಸ್ತರ ನಿಧಿ, ದೇಣಿಗೆಯಿಂದ ಬಂದದ್ದನ್ನು ಕೂಡಿಸಿ, ಚಿಕಿತ್ಸೆ ಮತ್ತು ಕಸುಬಿನ ತರಬೇತಿಯ ರೂಪದಲ್ಲಿ ಅದನ್ನು ಇಟೂರಿಗೆ ಮುಟ್ಟಿಸಬೇಕಾಯಿತು. ತಮ್ಮ ಪಾಲು ಕೇಳಿ ಬರುವಾಗ ಆ ಮಕ್ಕಳಿಗೆ ಮೂವತ್ತರ ಆಸುಪಾಸಿನ ವಯಸ್ಸು.

ನಮಸ್ಕಾರ.