ಕಂಪ್ಯೂಟರ್ ಎಂಬುದು ಒಂದು ಉದ್ಯೋಗದ ಹೆಸರಾಗಿತ್ತು

ನಮಸ್ಕಾರ. "ಕಂಪ್ಯೂಟರ್ ಬೇಕಾಗಿದ್ದಾರೆ" ಎಂದು ಇಂದಿನ ಪತ್ರಿಕೆಯಲ್ಲಿ ಒಂದು ಜಾಹೀರಾತು ಬಂದರೆ, ಅಚ್ಚಿನ ದೋಷವೆಂದು ಭಾವಿಸಿ ನಾವು ಮುಂದಿನ ಸಾಲಿಗೆ ಹೋಗುತ್ತೇವೆ. ನೂರು ವರ್ಷಗಳ ಹಿಂದಿನ ಇಂಗ್ಲಿಷ್ ಓದುಗರಿಗೆ ಆ ಸಾಲಿನಲ್ಲಿ ದೋಷವೇನೂ ಕಾಣುತ್ತಿರಲಿಲ್ಲ. ಗುಮಾಸ್ತರು ಬೇಕಾಗಿದ್ದಾರೆ, ಬೆರಳಚ್ಚುಗಾರರು ಬೇಕಾಗಿದ್ದಾರೆ ಎನ್ನುವ ಹಾಗೆಯೇ ಅದೂ ಒಂದು ಕೆಲಸದ ಕರೆ. ಕಂಪ್ಯೂಟರ್ ಎಂದರೆ ಮೇಜಿನ ಮುಂದೆ ಕುಳಿತು ಬೆಳಗಿನಿಂದ ಸಂಜೆಯವರೆಗೆ ಲೆಕ್ಕ ಮಾಡಿ ಸಂಬಳ ಪಡೆಯುವ ಮನುಷ್ಯ. ಈ ಪದ ಮನುಷ್ಯನನ್ನು ಬಿಟ್ಟು ಯಂತ್ರಕ್ಕೆ ಅಂಟಿಕೊಂಡ ಬಗೆಯನ್ನು, ಹಾಗೆ ಅಂಟಿಕೊಳ್ಳುವಾಗ ಯಾರ ಹೆಸರುಗಳು ಅಳಿಸಿಹೋದವು ಎಂಬುದನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಪದದ ಬೇರು ಲ್ಯಾಟಿನ್ನಿನ 'ಕಂಪುಟಾರೆ', ಅಂದರೆ ಒಟ್ಟುಗೂಡಿಸಿ ಎಣಿಸುವುದು. ಇದೇ ಬೇರು ಫ್ರೆಂಚಿನ ಬಾಯಲ್ಲಿ ಸವೆದು ಇಂಗ್ಲಿಷಿಗೆ 'ಕೌಂಟ್' ಆಗಿಯೂ ಬಂದಿದೆ. ಹಣ ಎಣಿಸುವ ಮೇಜಿಗೆ 'ಕೌಂಟರ್' ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಆದ್ದರಿಂದ ದರ್ಶಿನಿಯಲ್ಲಿ ನಾವು ಟೋಕನ್ ಪಡೆಯುವ ಕೌಂಟರ್ ಮತ್ತು ಅದರ ಮೇಲೆ ಕುಳಿತಿರುವ ಕಂಪ್ಯೂಟರ್ ಒಂದೇ ಮನೆಯ ಮಕ್ಕಳು. ಇಂಗ್ಲಿಷ್ ಮುದ್ರಣದಲ್ಲಿ 'ಕಂಪ್ಯೂಟರ್' ಪದದ ಮೊದಲ ದಾಖಲೆ 1613ರದ್ದು, ಮತ್ತು ಅಲ್ಲಿ ಅದು ಕಾಲವನ್ನು ಲೆಕ್ಕ ಹಾಕುವ ವ್ಯಕ್ತಿಯನ್ನು ಸೂಚಿಸುತ್ತದೆ. ಪದದ ಕೊನೆಯಲ್ಲಿರುವ 'ಅರ್' ಮಾಡುವವನನ್ನು ಸೂಚಿಸುವ ಪ್ರತ್ಯಯ. ಡ್ರೈವರ್, ಪೇಂಟರ್ ಎಂಬ ಪದಗಳಲ್ಲಿ ಅದು ಇನ್ನೂ ಮನುಷ್ಯನಾಗಿ ಉಳಿದಿದೆ. ಕುಕ್ಕರ್, ಮಿಕ್ಸರ್‌ಗಳಲ್ಲಿ ವಸ್ತುವಾಗಿದೆ. ಕಂಪ್ಯೂಟರ್ ಸುಮಾರು 300 ವರ್ಷ ಮೊದಲ ಸಾಲಿನಲ್ಲಿದ್ದು, ಬಳಿಕ ಎರಡನೆಯ ಸಾಲಿಗೆ ಸರಿದ ಪದ.

ಆ 300 ವರ್ಷಗಳಲ್ಲಿ ಈ ಮನುಷ್ಯರು ಏನು ಮಾಡುತ್ತಿದ್ದರು? ಹ್ಯಾಲಿ ಧೂಮಕೇತುವಿನ ಪ್ರಸಂಗವನ್ನೇ ನೋಡೋಣ. ಗುರು ಮತ್ತು ಶನಿ ಗ್ರಹಗಳ ಸೆಳೆತದಿಂದ ಆ ಧೂಮಕೇತುವಿನ ದಾರಿ ಎಷ್ಟು ಬದಲಾಗುತ್ತದೆ ಎಂಬುದನ್ನು ತಿಳಿಯದೆ ಅದು ಮರಳುವ ದಿನವನ್ನು ಹೇಳುವಂತಿರಲಿಲ್ಲ. ಪ್ಯಾರಿಸಿನಲ್ಲಿ ಗಣಿತಜ್ಞ ಅಲೆಕ್ಸಿ ಕ್ಲೆರೊ, ಖಗೋಳಜ್ಞ ಲಲಾಂದ್ ಹಾಗೂ ನಿಕೋಲ್ ರೇನ್ ಲಪೋತ್ ಎಂಬ ಮಹಿಳೆ ಸೇರಿ ಆರು ತಿಂಗಳಿಗೂ ಹೆಚ್ಚು ಕಾಲ ಈ ಲೆಕ್ಕದಲ್ಲಿ ಮುಳುಗಿದ್ದರು; ಬೆಳಗಿನಿಂದ ರಾತ್ರಿಯವರೆಗೆ, ಕೆಲವೊಮ್ಮೆ ಊಟದ ಹೊತ್ತಿನಲ್ಲೂ ಲೆಕ್ಕ ನಡೆದಿತ್ತೆಂದು ಲಲಾಂದ್ ನೆನೆದಿದ್ದಾನೆ. 1759ರ ಏಪ್ರಿಲ್ ನಡುವಿನಲ್ಲಿ, ಒಂದು ತಿಂಗಳು ಹಿಂದುಮುಂದಾಗಿ, ಧೂಮಕೇತು ಸೂರ್ಯನ ಸಮೀಪಕ್ಕೆ ಬರುತ್ತದೆಂದು ಅವರು ಹೇಳಿದರು. ಬಂದದ್ದು ಮಾರ್ಚ್ 13ರಂದು. ಬರಿಗೈಯಿಂದ, ಗರಿಯ ಲೇಖನಿಯಿಂದ ಮಾಡಿದ ಲೆಕ್ಕ ಅದು. ಲಪೋತ್ ಇಲ್ಲದಿದ್ದರೆ ಆ ಕೆಲಸಕ್ಕೆ ಕೈಹಾಕಲು ತನಗೆ ಧೈರ್ಯವೇ ಬರುತ್ತಿರಲಿಲ್ಲ ಎಂಬ ಅರ್ಥದ ಮಾತನ್ನು ಲಲಾಂದ್ ಬರೆದಿಟ್ಟಿದ್ದಾನೆ. ಕ್ಲೆರೊ ಮಾತ್ರ ಮುಂದೆ ತನ್ನ ಗ್ರಂಥದಲ್ಲಿ ಆಕೆಯ ಹೆಸರನ್ನೇ ಕೈಬಿಟ್ಟ. ಲೆಕ್ಕ ಮಾಡಿದವರ ಹೆಸರು ಮಾಯವಾಗುವ ಈ ಪರಿಪಾಠ ಯಂತ್ರ ಬಂದ ಮೇಲೆ ಹುಟ್ಟಿದ್ದಲ್ಲ ಎಂಬುದಕ್ಕಾಗಿ ಇದನ್ನು ಹೇಳುತ್ತಿದ್ದೇನೆ.

ಭಾರತದಲ್ಲೂ ಈ ಹುದ್ದೆ ಇತ್ತು, ಅದೇ ಹೆಸರಿನಲ್ಲಿಯೇ ಇತ್ತು. ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ನಮ್ಮ ಬೆಂಗಳೂರಿನ ಬಯಲಿನಲ್ಲಿ ಒಂದು ಆಧಾರರೇಖೆಯನ್ನು ಅಳೆದ. ಎರಡು ವರ್ಷಗಳ ಬಳಿಕ ಮದರಾಸಿನಿಂದ, ದೇಶವನ್ನೇ ಅಳೆಯುವ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ ಶುರುವಾಯಿತು. ಬೆಟ್ಟದಿಂದ ಬೆಟ್ಟಕ್ಕೆ ದೂರದರ್ಶಕ ಹೂಡಿ ಕೋನಗಳನ್ನು ಗುರುತಿಸುವುದು ಅದರ ಅರ್ಧ ಕೆಲಸ ಮಾತ್ರ. ಆ ಕೋನಗಳಿಂದ ದೂರವನ್ನೂ ಎತ್ತರವನ್ನೂ ಹಿಂಡಿ ತೆಗೆಯುವ ಉಳಿದರ್ಧ ಕೆಲಸ ಕಚೇರಿಯಲ್ಲಿ ಕುಳಿತ ಕಂಪ್ಯೂಟರ್‌ಗಳದು. 1831ರಲ್ಲಿ ಹದಿಹರೆಯದ ರಾಧಾನಾಥ ಸಿಕ್ದಾರ್ ಇಂಥ ಕಂಪ್ಯೂಟರ್ ಆಗಿ ಸೇರಿ, ಮುಂದೆ ಕಲ್ಕತ್ತೆಯಲ್ಲಿ ಮುಖ್ಯ ಕಂಪ್ಯೂಟರ್ ಆದರು. '15ನೇ ಶಿಖರ' ಎಂದು ಮಾತ್ರ ಗುರುತಿಸಿಕೊಂಡಿದ್ದ ಹಿಮಾಲಯದ ಶಿಖರವೊಂದು ಜಗತ್ತಿನಲ್ಲೇ ಎತ್ತರದ್ದೆಂದು ಹೇಳಿದ ಲೆಕ್ಕದೊಂದಿಗೆ ಅವರ ಹೆಸರು ಸೇರಿಕೊಂಡಿದೆ. ನೂರಾರು ಕಿಲೋಮೀಟರ್ ದೂರದಿಂದ ನೋಡುವಾಗ ಗಾಳಿಯಲ್ಲಿ ಬೆಳಕು ಬಾಗುವುದನ್ನೂ, ಭೂಮಿಯ ದುಂಡನ್ನೂ ಕಳೆದು ಅವರ ಕಚೇರಿ ತಲುಪಿದ ಎತ್ತರ 29,002 ಅಡಿ. ಉಪಗ್ರಹಗಳ ನೆರವಿನಿಂದ 2020ರಲ್ಲಿ ಘೋಷಿಸಿದ ಎತ್ತರಕ್ಕೂ ಇದಕ್ಕೂ ಇರುವ ಅಂತರ ಸುಮಾರು 30 ಅಡಿ. ಶಿಖರಕ್ಕೆ ಇಟ್ಟದ್ದು, ಆ ಶಿಖರವನ್ನು ಲೆಕ್ಕ ಹಾಕದ ಎವರೆಸ್ಟ್ ಎಂಬ ಅಧಿಕಾರಿಯ ಹೆಸರನ್ನು.

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಕ್ಲಾರ್ಕ್ ಟೇಬಲ್ ಎಂಬ ಲಾಗರಿದಂ ಪಟ್ಟಿಗಳ ಪುಸ್ತಕ ನೆನಪಿರಬೇಕು. ಎಡಗಡೆಯ ಅಂಕಣದಲ್ಲಿ ಸಂಖ್ಯೆಯ ಮೇಲೆ ಬೆರಳಿಟ್ಟು, ಅದೇ ಸಾಲಿನಲ್ಲಿ ಬಲಕ್ಕೆ ಸರಿಸುತ್ತಾ ಹೋದರೆ ನಾಲ್ಕು ಅಂಕೆಗಳು ಸಿಗುತ್ತವೆ: ಎರಡರ ಲಾಗ್ 0.3010, ಮೂರರದ್ದು 0.4771. ಕೊನೆಗೆ ವ್ಯತ್ಯಾಸದ ಅಂಕಣದಿಂದ ಒಂದೆರಡನ್ನು ಕೂಡಿಸಬೇಕು. ಹಾಳೆಯ ಅಂಚು ಮಾಸಿ ಮೆತ್ತಗಾಗುವವರೆಗೆ ನಾವು ಅದನ್ನು ತಿರುವಿದ್ದೇವೆ, ಆದರೆ ಆ ಅಂಕೆಗಳನ್ನು ಯಾರೋ ಒಬ್ಬರು ಮೊದಲ ಸಲ ಕುಳಿತು ಕಂಡುಹಿಡಿದಿರಬೇಕು ಎಂದು ನನಗಂತೂ ಆಗ ಹೊಳೆದಿರಲಿಲ್ಲ. ಲಾಗರಿದಂ ಪಟ್ಟಿ, ನಾವಿಕರ ಪಂಚಾಂಗ, ತೋಪಿನ ಗುಂಡಿನ ದೂರದ ಪಟ್ಟಿ, ಎಲ್ಲವೂ ಕಂಪ್ಯೂಟರ್‌ಗಳ ಕೈಬರಹದಿಂದ ಅಚ್ಚಿಗೆ ಹೋದವು. 1767ರಿಂದ ಪ್ರಕಟವಾದ ಬ್ರಿಟಿಷ್ ನಾವಿಕ ಪಂಚಾಂಗಕ್ಕೆ ಊರೂರುಗಳಲ್ಲಿದ್ದ ಕಂಪ್ಯೂಟರ್‌ಗಳು ಮನೆಯಲ್ಲೇ ಲೆಕ್ಕ ಮಾಡಿ ಅಂಚೆಯಲ್ಲಿ ಕಳಿಸುತ್ತಿದ್ದರು. ಒಂದೇ ಲೆಕ್ಕವನ್ನು ಇಬ್ಬರಿಂದ ಮಾಡಿಸಿ ಮೂರನೆಯವರು ತಾಳೆ ನೋಡುತ್ತಿದ್ದರು. ಹಾರ್ವರ್ಡ್ ವೀಕ್ಷಣಾಲಯದಲ್ಲಿ ಗಂಟೆಗೆ 25 ಸೆಂಟಿನಂಥ ಕೂಲಿಗೆ ಮಹಿಳೆಯರು ನಕ್ಷತ್ರಗಳ ಗಾಜಿನ ಫಲಕಗಳನ್ನು ಪರಿಶೀಲಿಸುತ್ತಿದ್ದರು. ಅವರಲ್ಲಿ ಒಬ್ಬರಾದ ಹೆನ್ರಿಯೆಟಾ ಲೆವಿಟ್ 1912ರಲ್ಲಿ ತೋರಿಸಿಕೊಟ್ಟ ನಿಯಮವೇ ಗ್ಯಾಲಕ್ಸಿಗಳ ದೂರವನ್ನು ಅಳೆಯುವ ಕೋಲಾಯಿತು.

ಪದದ ಅರ್ಥ ಪಲ್ಲಟವಾದದ್ದನ್ನು ಒಬ್ಬನೇ ಲೇಖಕನ ಎರಡು ಪ್ರಬಂಧಗಳಲ್ಲಿ ನೋಡಬಹುದು. ಬ್ರಿಟಿಷ್ ಗಣಿತಜ್ಞ ಅಲನ್ ಟ್ಯೂರಿಂಗ್ 1936ರ ಪ್ರಬಂಧದಲ್ಲಿ 'ಕಂಪ್ಯೂಟರ್' ಎಂದು ಬರೆದಾಗ ಅವನ ಕಣ್ಣ ಮುಂದಿದ್ದದ್ದು ಮಕ್ಕಳ ಲೆಕ್ಕದ ಪುಸ್ತಕದಂಥ ಚೌಕುಳಿ ಹಾಳೆಯ ಮೇಲೆ ಬರೆಯುತ್ತಿರುವ ಮನುಷ್ಯ; ಅದಕ್ಕೆ 'ಅವನು' ಎಂಬ ಸರ್ವನಾಮವನ್ನೇ ಬಳಸಿದ್ದಾನೆ. 1950ರ ಪ್ರಬಂಧದಲ್ಲಿ ಯಂತ್ರವನ್ನು 'ಡಿಜಿಟಲ್ ಕಂಪ್ಯೂಟರ್' ಎಂದೂ ಮನುಷ್ಯನನ್ನು 'ಹ್ಯೂಮನ್ ಕಂಪ್ಯೂಟರ್' ಎಂದೂ ಬಿಡಿಸಿ ಹೇಳಬೇಕಾಯಿತು. ಹದಿನಾಲ್ಕೇ ವರ್ಷಗಳಲ್ಲಿ, ಹೆಸರಿನ ಮೂಲ ಒಡೆಯನಿಗೆ ತಾನು ಮನುಷ್ಯನೆಂದು ತಿಳಿಸುವ ವಿಶೇಷಣವೊಂದು ಬೇಕಾಯಿತು.

ಆ ಹದಿನಾಲ್ಕು ವರ್ಷಗಳ ನಡುವೆ ಎರಡನೆಯ ಮಹಾಯುದ್ಧವಿತ್ತು, ಎನಿಯಾಕ್ ಇತ್ತು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಎಂಬ ಹುದ್ದೆಯಲ್ಲಿದ್ದ ಹೆಣ್ಣುಮಕ್ಕಳು ಸೇನೆಗಾಗಿ ಗುಂಡು ಸಾಗುವ ಪಥಗಳನ್ನು ಲೆಕ್ಕ ಹಾಕುತ್ತಿದ್ದರು. ಆ ಕೆಲಸವನ್ನು ಬೇಗ ಮುಗಿಸಲೆಂದು ಅಲ್ಲಿಯೇ ಸುಮಾರು 18,000 ನಿರ್ವಾತ ನಳಿಕೆಗಳ ಯಂತ್ರವನ್ನು ಕಟ್ಟಿ, ಅವರ ಹುದ್ದೆಯ ಹೆಸರನ್ನೇ ಅದಕ್ಕೆ ಇಟ್ಟರು; ಎನಿಯಾಕ್ ಎಂಬ ಹೆಸರಿನ ಕೊನೆಯ ಅಕ್ಷರ ಕಂಪ್ಯೂಟರ್ ಎಂಬುದರ ಸಂಕ್ಷೇಪ. ಆ ಯಂತ್ರಕ್ಕೆ ಕೆಲಸ ಕಲಿಸಿದವರೂ ಆ ಕಂಪ್ಯೂಟರ್‌ಗಳಿಂದಲೇ ಆರಿಸಿದ ಆರು ಮಂದಿ: ಕ್ಯಾಥ್ಲೀನ್ ಮೆಕ್‌ನಲ್ಟಿ, ಜೀನ್ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಸ್ ಬೈಲಾಸ್, ರೂತ್ ಲಿಕ್ಟರ್‌ಮನ್. 1946ರ ಫೆಬ್ರುವರಿಯಲ್ಲಿ ಯಂತ್ರವನ್ನು ಜಗತ್ತಿಗೆ ತೋರಿಸಿದಾಗ, ಅದು ಗುಂಡಿನ ಪಥವನ್ನು ಲೆಕ್ಕ ಹಾಕಿದ್ದು ಇವರು ಹೆಣೆದ ಕ್ರಮದಿಂದ. ಆ ದಿನದ ಔತಣಕ್ಕೆ ಇವರನ್ನು ಕರೆಯಲಿಲ್ಲ. ಹೆಸರು ಹೋಯಿತು, ಊಟದ ಎಲೆಯೂ ಇಲ್ಲವಾಯಿತು.

ಇಷ್ಟಾದ ಮೇಲೂ ಯಂತ್ರದ ಮೇಲಿನ ನಂಬಿಕೆ ಒಂದೇ ದಿನಕ್ಕೆ ಬರಲಿಲ್ಲ. 1962ರಲ್ಲಿ ಭೂಮಿಯನ್ನು ಸುತ್ತಲು ಹೊರಟಿದ್ದ ಜಾನ್ ಗ್ಲೆನ್, ಯಂತ್ರ ಕೊಟ್ಟ ಅಂಕಿಗಳನ್ನು ಕ್ಯಾಥರೀನ್ ಜಾನ್ಸನ್ ಕೈಯಲ್ಲಿ ಮತ್ತೊಮ್ಮೆ ಲೆಕ್ಕ ಮಾಡಿಸಿ ಎಂದು ಕೇಳಿದ. ನಾಸಾ ಹುಟ್ಟುವ ಮೊದಲೇ, 1953ರಲ್ಲಿ, ಅದರ ಪೂರ್ವಜ ಸಂಸ್ಥೆಗೆ ಆಕೆ ಸೇರಿದ್ದು ಕಂಪ್ಯೂಟರ್ ಆಗಿಯೇ. ಕಾಲಚಕ್ರ ಇನ್ನಷ್ಟು ತಿರುಗಿತು. 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿದ ನಮ್ಮ ಬೆಂಗಳೂರಿನ ಶಕುಂತಲಾ ದೇವಿಯವರನ್ನು ಜಗತ್ತು 'ಹ್ಯೂಮನ್ ಕಂಪ್ಯೂಟರ್' ಎಂದು ಕೊಂಡಾಡಿತು. ಟ್ಯೂರಿಂಗ್ ಬಳಸಿದ ಅದೇ ಎರಡು ಪದಗಳು, ಆದರೆ ಒಳಗಿನ ಅರ್ಥ ತಲೆಕೆಳಗು. ಮನುಷ್ಯರಂತೆ ಲೆಕ್ಕ ಮಾಡುವ ಯಂತ್ರವೆಂಬುದು ಒಂದು ಕಾಲದ ಬೆರಗಾಗಿದ್ದರೆ, ಈಗ ಯಂತ್ರದಂತೆ ಲೆಕ್ಕ ಮಾಡುವ ಮನುಷ್ಯರೇ ಬೆರಗಾದರು. ಆ ಬಿರುದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಆಕೆ ಯಂತ್ರದಿಂದ ಎರವಲು ತಂದದ್ದು ಏನೂ ಇರಲಿಲ್ಲ.

ಕನ್ನಡದ ಮಾತಿಗೆ ಬರುತ್ತೇನೆ. ಸಂಸ್ಕೃತದಿಂದ ನಾವು ಪಡೆದ 'ಗಣಕ' ಎಂಬ ಪದವೂ ಮನುಷ್ಯನದೇ. ಲೇಖಕ, ಗಾಯಕ, ಪಾಠಕ ಎಂಬ ಪದಗಳ ಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ: ಗಣಕನೆಂದರೆ ಎಣಿಸುವವನು, ಲೆಕ್ಕಿಗ, ಗ್ರಹಗತಿ ಬಲ್ಲ ಜೋಯಿಸ. ಯಂತ್ರ ಬಂದಾಗ ನಮ್ಮವರು ಅದನ್ನು 'ಗಣಕಯಂತ್ರ' ಎಂದು ಕರೆದರು, ಗಣಕನ ಕೆಲಸವನ್ನು ಮಾಡುವ ಯಂತ್ರ ಎಂಬ ಅರ್ಥದಲ್ಲಿ. ಅಲ್ಲಿ ಮನುಷ್ಯನೂ ಉಳಿದಿದ್ದ, ಯಂತ್ರವೂ ಬೇರೆಯಾಗಿ ನಿಂತಿತ್ತು. ಇಂಗ್ಲಿಷಿನವರಿಗೆ ಸಾಧ್ಯವಾಗದ ವಿವೇಕ ಆ ಸಮಾಸದಲ್ಲಿದೆ ಎಂದು ನಾನು ಪ್ರಾಮಾಣಿಕವಾಗಿ ನಂಬುತ್ತೇನೆ. ಆದರೆ ಬರಬರುತ್ತಾ 'ಯಂತ್ರ' ಉದುರಿಹೋಗಿ, ಬರೀ 'ಗಣಕ' ಎಂದರೆ ಪೆಟ್ಟಿಗೆ ಎಂಬಂತಾಗಿದೆ. ಇಂಗ್ಲಿಷಿನಲ್ಲಿ ಆದದ್ದು ಕನ್ನಡದಲ್ಲೂ ಆಗುತ್ತಿದೆ.

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಗಣಕನನ್ನು ಹೊಗಳುವ ಒಂದು ಶ್ಲೋಕವಿದೆ. ಎಂಟು ಗುಣಗಳಿಂದ ಗಣಕನನ್ನು ಗುರುತಿಸಬೇಕೆಂದು ಅದು ಹೇಳುತ್ತದೆ: ಚುರುಕಾಗಿ ಲೆಕ್ಕ ಮಾಡುವುದು, ಮುಂದಾಗುವುದನ್ನು ಊಹಿಸುವುದು, ಸಲ್ಲದ್ದನ್ನು ತಳ್ಳಿಹಾಕುವುದು, ಸೋಮಾರಿತನ ಇಲ್ಲದಿರುವುದು, ಗ್ರಹಿಸುವುದು, ನೆನಪಿನಲ್ಲಿಟ್ಟುಕೊಳ್ಳುವುದು, ಹೊಸ ಉಪಾಯ ಹೂಡುವುದು, ಮರೆಯಲ್ಲಿರುವ ಸಂಖ್ಯೆಯನ್ನು ಬೆಳಕಿಗೆ ತರುವುದು. ಲಪೋತ್ ಅವರನ್ನೂ ಸಿಕ್ದಾರರನ್ನೂ ಕಣ್ಣ ಮುಂದೆ ನಿಲ್ಲಿಸಿಕೊಂಡು ಈ ಎಂಟನ್ನು ಇನ್ನೊಮ್ಮೆ ಓದಿ ನೋಡಿ. ಕನ್ನಡದಲ್ಲಿ ಬರೆಯುವ ನನ್ನ ಗೆಳೆಯರಲ್ಲಿ, ಪಠ್ಯಪುಸ್ತಕ ಸಿದ್ಧಪಡಿಸುವವರಲ್ಲಿ ನನ್ನದೊಂದೇ ಕೋರಿಕೆ: ಯಂತ್ರದ ಬಗ್ಗೆ ಬರೆಯುವಾಗ ಕಂಪ್ಯೂಟರ್ ಎಂದೇ ಬರೆಯಿರಿ, ಇಲ್ಲವೇ ಗಣಕಯಂತ್ರ ಎಂದು ಪೂರ್ತಿಯಾಗಿ ಬರೆಯಿರಿ. ಹೆಚ್ಚಾಗುವುದು ಎರಡೇ ಅಕ್ಷರ.